ಅಂಗಳ ಬಿಟ್ಟು ಹೋಗದೆ ತೆಗೆದ ಫೋಟೋಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ನಮ್ಮ ಅಡಿಕೆ ತೋಟ. ತೋಟದ ನಡುವೆ ಮನೆ, ಮನೆಯ ಎದುರು ಅಂಗಳ. ಕೆಲವು ವರ್ಷಗಳಿಂದ ನಾನು ಈ ಅಂಗಳದ ಫೋಟೋ ಮಾತ್ರ ತೆಗೆಯುತ್ತಿದ್ದೇನೆ. ಪೊಸಡಿಗುಂಪೆ ಗುಡ್ಡ ದೂರವಿಲ್ಲ, ಅನಂತಪುರದ ಕೆರೆ ದೇವಸ್ಥಾನ ಹತ್ತಿರವೇ, ಬೇಕಲ ಕೋಟೆಗೂ ಒಂದು ದಿನದಲ್ಲಿ ಹೋಗಿ ಬರಬಹುದು. ಅಲ್ಲಿಗೆಲ್ಲ ಕ್ಯಾಮೆರಾ ಹಿಡಿದು ಹೋಗುವವರು ಬೇಕಾದಷ್ಟು ಮಂದಿ ಇದ್ದಾರೆ. ಚೆಂದದ ಫೋಟೋಗಳೂ ಬಂದಿವೆ. ಆದರೆ ಅಡಿಕೆ ಸುಲಿಯುವವರ ಕೈಯ ಫೋಟೋ ಎಷ್ಟು ಮನೆಗಳಲ್ಲಿ ಇದೆ?

ನಮ್ಮ ಮನೆಯ ಹಳೆಯ ಆಲ್ಬಂ ತೆರೆದರೆ ಮದುವೆ ಇದೆ, ಉಪನಯನ ಇದೆ, ಸತ್ಯನಾರಾಯಣ ಪೂಜೆ ಇದೆ. ಎಲ್ಲರೂ ಹೊಸ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದಾರೆ. ಆ ಮದುವೆಗೆ ದುಡ್ಡು ಹುಟ್ಟಿದ್ದು ಈ ಅಂಗಳದಲ್ಲಿ ಒಣಗಿದ ಅಡಿಕೆಯಿಂದ. ಅಡಿಕೆ ಮಾತ್ರ ಯಾವ ಫೋಟೋದಲ್ಲೂ ಇಲ್ಲ. ಎಲ್ಲೋ ಒಂದರಲ್ಲಿ, ಮದುಮಗಳ ಹಿಂದೆ, ಮೂಲೆಯಲ್ಲಿ ಒಂದು ರಾಶಿ ಕಾಣುತ್ತದೆ ಅಷ್ಟೆ. ನನಗೆ ಆ ಮೂಲೆಯೇ ಬೇಕಿತ್ತು.

ನನ್ನ ಹತ್ತಿರ ಇರುವುದು ಒಂದು ಸಾಧಾರಣ ಫೋನು, ಮಗ ಬಳಸಿ ಬಿಟ್ಟ ಒಂದು ಡಿಎಸ್‌ಎಲ್‌ಆರ್. ಅದಕ್ಕೊಂದು 50 ಎಂಎಂ ಲೆನ್ಸ್. ಮುಕ್ಕಾಲು ಪಾಲು ಫೋಟೋ ಫೋನಿನಲ್ಲೇ ತೆಗೆದದ್ದು. ಅಡುಗೆಮನೆಯಿಂದ ಓಡಿ ಬಂದು ತೆಗೆಯಬೇಕಾದಾಗ ಕೈಗೆ ಸಿಗುವುದು ಅದೇ ಅಲ್ವಾ.

ಮೊದಲು ಒಂದು ಕ್ರಮ ಮಾಡಿಕೊಂಡೆ. ಪ್ರತಿ ಸಂಕ್ರಮಣದ ದಿನ ಬೆಳಗ್ಗೆ ಎಂಟು ಗಂಟೆಗೆ ಜಗಲಿಯ ಒಂದೇ ಕಂಬಕ್ಕೆ ಫೋನು ಒತ್ತಿ ಹಿಡಿದು ಇಡೀ ಅಂಗಳದ ಒಂದು ಫೋಟೋ. ಕಂಬದ ಮೇಲೆ ಪೆನ್ಸಿಲ್ ಗುರುತು ಇದೆ. ಸಂಕ್ರಮಣವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ನಮ್ಮ ತುಳು ತಿಂಗಳುಗಳಾದ ಪಗ್ಗು, ಬೇಶ, ಆಟಿ, ಸೋಣ ಎಲ್ಲ ಸೂರ್ಯನ ಲೆಕ್ಕದವು. ಹಾಗಾಗಿ ಮುಂದಿನ ವರ್ಷ ಅದೇ ಸಂಕ್ರಮಣಕ್ಕೆ ಸೂರ್ಯ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಇರುತ್ತಾನೆ, ನೆರಳೂ ಅದೇ ಜಾಗಕ್ಕೆ ಬೀಳುತ್ತದೆ. ಎರಡು ವರ್ಷದ ಫೋಟೋ ಪಕ್ಕಪಕ್ಕ ಇಟ್ಟರೆ ಬೆಳಕು ಒಂದೇ, ಬದಲಾದದ್ದು ಅಂಗಳ ಮಾತ್ರ. ಒಂದು ಮರ ಹೋಗಿದೆ, ಚಪ್ಪರದ ಕಂಬ ಬದಲಾಗಿದೆ, ಹೊಸ ಪೈಪು ಬಂದಿದೆ. ಹಬ್ಬದ ದಿನ ತೆಗೆದಿದ್ದರೆ ಇದು ಸಿಗುತ್ತಿರಲಿಲ್ಲ. ಚಾಂದ್ರಮಾನದ ಹಬ್ಬಗಳು ಹಿಂದೆ ಮುಂದೆ ಹೋಗುತ್ತವೆ.

ಈ ಫೋಟೋಗಳನ್ನು ನೋಡುತ್ತಾ ನೋಡುತ್ತಾ ನನಗೆ ನೆರಳಿನ ಹುಚ್ಚು ಹಿಡಿಯಿತು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ತೆಂಕಿಗೆ ವಾಲಿರುತ್ತಾನೆ. ನಡುಮಧ್ಯಾಹ್ನವೂ ಅಡಿಕೆ ಮರದ ನೆರಳು ಮರದ ಎತ್ತರದ ಮುಕ್ಕಾಲು ಪಾಲಿನಷ್ಟು ಉದ್ದ, ಬಡಗು ಬದಿಗೆ ಬೀಳುತ್ತದೆ. ಅಂಗಳಕ್ಕೆ ತಾಗಿದ ಮರಗಳು ಇರುವುದು ತೆಂಕು ಬದಿಗೆ. ಹಾಗಾಗಿ ಆಗ ಅಂಗಳದ ಅರ್ಧಕ್ಕೆ ಮರಗಳ ಗೆರೆ ಬಿದ್ದಿರುತ್ತದೆ. ಅಡಿಕೆಗೆ ಬಿಸಿಲು ಸಾಲದು ಎಂದು ಮಾವ ಬೈಯುವ ಹೊತ್ತು ಅದು. ಫೋಟೋಗೆ ಮಾತ್ರ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದರೆ ಹರಡಿದ ಅಡಿಕೆಯ ಮೇಲೆ ಸೋಗೆಗಳ ನೆರಳು ಎಣಿಸುವಷ್ಟು ಸ್ಪಷ್ಟ.

ಏಪ್ರಿಲ್ ಕೊನೆಯ ವಾರಕ್ಕೆ ಇದೆಲ್ಲ ಮಾಯ. ಕಾಸರಗೋಡು ಭೂಮಧ್ಯರೇಖೆಯಿಂದ 12.5 ಡಿಗ್ರಿ ಬಡಗಿಗೆ ಇದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ತುಳಸಿಕಟ್ಟೆಗೆ ನೆರಳೇ ಇರುವುದಿಲ್ಲ. ಆ ಫೋಟೋ ಬೇಕಿದ್ದರೆ ಹನ್ನೆರಡಕ್ಕೆ ಹೋಗಿ ನಿಲ್ಲಬೇಡಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 75 ಡಿಗ್ರಿಯಲ್ಲಿ. ಹಾಗಾಗಿ ನಮಗೆ ನಿಜವಾದ ನಡುಹಗಲು ಸುಮಾರು ಹನ್ನೆರಡೂವರೆಗೆ. ಇದೇ ಯೋಗ ಆಗಸ್ಟ್ 19–20ರ ಹೊತ್ತಿಗೆ ಇನ್ನೊಮ್ಮೆ ಬರುತ್ತದೆ. ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನವೂ ಹೌದು. 1839ರ ಆ ದಿನ ಪ್ಯಾರಿಸ್ಸಿನಲ್ಲಿ ಡಗೇರ್ ಅವರ ಫೋಟೋ ವಿಧಾನವನ್ನು ಬಹಿರಂಗಪಡಿಸಿದ್ದರು. ಎಂಥ ಒಳ್ಳೆಯ ಹೊಂದಿಕೆ! ಮಳೆಗಾಲದ ಮೋಡ ಬಿಟ್ಟುಕೊಟ್ಟರೆ ಆ ದಿನ ತುಳಸಿಕಟ್ಟೆಯ ಫೋಟೋ ತೆಗೆಯದೆ ಇರಲು ನನ್ನಿಂದ ಆಗುವುದಿಲ್ಲ.

ಈಗ ಅಡಿಕೆಯ ವಿಷಯ. ನವೆಂಬರ್ ಹೊತ್ತಿಗೆ ಕೊನೆ (ಅಡಿಕೆ ಗೊಂಚಲು) ತೆಗೆಯುವ ಕೆಲಸ ಶುರುವಾಗುತ್ತದೆ. ಹಣ್ಣಡಿಕೆ ಅಂಗಳಕ್ಕೆ ಬಿದ್ದ ಮೊದಲ ದಿನ ಕೇಸರಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಫೋನಿಗೂ ಹೊಡೆಯುತ್ತದೆ. ಹಾಗೇ ತೆಗೆದರೆ ಕೇಸರಿಯ ಒಳಗಿನ ಗೆರೆ, ತೊಟ್ಟು ಏನೂ ಕಾಣದೆ ಬಣ್ಣ ಒಂದೇ ಮುದ್ದೆಯಾಗುತ್ತದೆ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಪರದೆಯಲ್ಲಿ ಮಂಕಾಗಿ ಕಂಡರೂ ಬಣ್ಣ ಉಳಿಯುತ್ತದೆ. ಸುಣ್ಣ ಬಳಿದ ಗೋಡೆಯ ಎದುರು ಯಾರಾದರೂ ಕೂತಿದ್ದರೆ ಇದರ ತಿರುಗು. ಕ್ಯಾಮೆರಾ ಬಿಳಿಯನ್ನು ಬೂದು ಮಾಡಲು ನೋಡುತ್ತದೆ. ಆಗ ಗುರುತನ್ನು ಮೇಲೆ ಎಳೆಯಬೇಕು.

ಚಾಲಿ (ಸಿಪ್ಪೆಯ ಸಮೇತ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದ ಅಡಿಕೆ) ಆಗಬೇಕಿದ್ದರೆ ಹಣ್ಣಡಿಕೆ ಸುಮಾರು 40–45 ದಿನ ಒಣಗಬೇಕು. ನಾನು ಒಂದು ಹಿಡಿ ಅಡಿಕೆಯನ್ನು ಬೇರೆ ಇಟ್ಟು, ಅದರ ಫೋಟೋವನ್ನು ವಾರಕ್ಕೊಮ್ಮೆ ಅದೇ ಹಾಳೆಯ ಮೇಲೆ, ಅದೇ ಹೊತ್ತಿಗೆ ತೆಗೆದೆ. ಕೇಸರಿ ಮಾಸಿ ಕಂದು, ಕಂದು ಹೋಗಿ ಬೂದು. ಸಿಪ್ಪೆ ಸುಕ್ಕುಗಟ್ಟುತ್ತದೆ, ಕೊನೆಕೊನೆಗೆ ಅಲ್ಲಾಡಿಸಿದರೆ ಒಳಗೆ ಗಿಲಿಗಿಲಿ. ಆ ಶಬ್ದ ಫೋಟೋಗೆ ಬರುವುದಿಲ್ಲ. ಆದರೆ ಮಾವ ಅಡಿಕೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಫೋಟೋ ಒಂದು ಇದೆ. ಅಡಿಕೆ ಬೆಳೆಗಾರರು ಅದನ್ನು ನೋಡಿದ ತಕ್ಷಣ "ಒಣಗಿದೆಯಾ ನೋಡುತ್ತಿದ್ದಾರೆ" ಎನ್ನುತ್ತಾರೆ. ಇಡೀ ಸಂಗ್ರಹದಲ್ಲಿ ನನಗೆ ಅತಿ ಇಷ್ಟವಾದದ್ದು ಅದು.

ಈಚೆಗೆ ತುಂಬಾ ಮನೆಗಳಲ್ಲಿ ಅಂಗಳದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ ಚಪ್ಪರ ಬಂದಿದೆ. ಹಠಾತ್ ಮಳೆ ಬಂದರೆ ಅಡಿಕೆ ಬಾಚಿಕೊಂಡು ಓಡುವುದು ತಪ್ಪಿತು. ಒಳಗೆ ಸೆಕೆ ಜಾಸ್ತಿ, ಆದರೆ ಪ್ಲಾಸ್ಟಿಕ್ ಸ್ವಲ್ಪ ಹಳತಾಗಿ ಮಬ್ಬಾದ ಮೇಲೆ ಬೆಳಕು ತುಂಬಾ ಮೆತ್ತಗೆ. ಮುಖದ ಫೋಟೋ ತೆಗೆಯಬೇಕಿದ್ದರೆ ನಾನು ಅಲ್ಲಿಗೇ ಕರೆಯುತ್ತೇನೆ. ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುವುದಿಲ್ಲ.

ಬೇಸಿಗೆಯ ಅಂಗಳ ಹೆಂಗಸರದ್ದು. ಹಲಸಿನ ಹಪ್ಪಳ, ಮಾವಿನ ಮಾಂಬಳ, ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸುವ ಬಾಳ್ಕ ಮೆಣಸು. ಚಾಪೆ ಮೇಲೆ ಸಾಲು ಸಾಲು. ಮೇಲಿನಿಂದ ತೆಗೆದ ಹಪ್ಪಳದ ಚಾಪೆಯ ಫೋಟೋ ಎಲ್ಲರೂ ತೆಗೆಯುತ್ತಾರೆ. ನಾನು ಹೇಳುವುದು ಇಷ್ಟು: ಅರೆ ಒಣಗಿದ ಹಪ್ಪಳವನ್ನು ಅತ್ತೆ ಎತ್ತಿ ಮಗುಚುವಾಗ ಸೂರ್ಯನ ಎದುರು ನಿಂತು ತೆಗೆದು ನೋಡಿ. ಬೆಳಕು ಹಪ್ಪಳದೊಳಗಿಂದ ದಾಟಿ ಬರುತ್ತದೆ. ಕೊತ್ತಂಬರಿಯ ಚೂರು, ಮೆಣಸಿನ ಕಣ, ಲಟ್ಟಿಸಿದಲ್ಲಿ ದಪ್ಪ ತೆಳು, ಎಲ್ಲ ಕಾಣುತ್ತದೆ. ಬೆಳಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕೂವರೆ ನಂತರ ಬೇಕು. ಸೂರ್ಯ ತಗ್ಗಿನಲ್ಲಿ ಇದ್ದರೆ ಮಾತ್ರ ಇದು ಆಗುವುದು. ಕಾಗೆ ಬಾರದ ಹಾಗೆ ಬಿಡಿಸಿಟ್ಟ ಕಪ್ಪು ಕೊಡೆಯನ್ನು ಫ್ರೇಮಿನಿಂದ ತೆಗೆದಿಡಬೇಡಿ. ಕೊಡೆಯೂ ಆ ಕೆಲಸದ ಭಾಗವೇ.

ಮಳೆಗಾಲ ಬಂದರೆ ಅಂಗಳದ ರೂಪವೇ ಬೇರೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಮಳೆ ಫೋಟೋದಲ್ಲಿ ಕಾಣಬೇಕಿದ್ದರೆ ಅದರ ಹಿಂದೆ ಕಪ್ಪು ಬೇಕು. ಬಿಳಿ ಆಕಾಶ ಹಿಂದಿದ್ದರೆ ಎಂಥ ಜಡಿಮಳೆಯೂ ಕಾಣುವುದಿಲ್ಲ. ತೋಟದ ಕಡುಹಸಿರನ್ನು ಹಿಂದೆ ಇಟ್ಟು, ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/60 ಅಥವಾ 1/125 ಸೆಕೆಂಡಿಗೆ ಇಟ್ಟರೆ ಹನಿಗಳು ಗೆರೆಯಾಗಿ ಬರುತ್ತವೆ. ಮಾಡಿನ ಅಂಚಿನಿಂದ ಬೀಳುವ ಹನಿಯನ್ನು ಹನಿಯಾಗಿಯೇ ಹಿಡಿಯಲು 1/1000 ಬೇಕು. ಆಟಿಯಲ್ಲಿ ಮನೆಮನೆಗೆ ಬರುವ ಜನಪದ ಕುಣಿತದ ವೇಷ ಕಳಂಜ ಅಂಗಳಕ್ಕೆ ಬಂದು ಕುಣಿಯುವಾಗಲೂ ನಾನು ಗೆರೆಮಳೆಯನ್ನೇ ಆರಿಸುತ್ತೇನೆ.

ಕೊಳೆರೋಗಕ್ಕೆ ಮದ್ದು ಬಿಡುವುದೂ ಇದೇ ಕಾಲದಲ್ಲಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಅಂಗಳದ ಮೂಲೆಯಲ್ಲಿ ಡ್ರಮ್ಮಿನ ನೀರು ಆಕಾಶನೀಲಿಯಾಗುತ್ತದೆ. ಮದ್ದು ಸರಿಯಾಯಿತೇ ಎಂದು ನೋಡಲು ಕಬ್ಬಿಣದ ಕತ್ತಿಯನ್ನು ಅದ್ದುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲಲಿಲ್ಲ ಎಂದು ಅರ್ಥ. ಈ ಕತ್ತಿಯ ಫೋಟೋವನ್ನು ನಾನು ತೀರಾ ಹತ್ತಿರದಿಂದ ತೆಗೆದಿದ್ದೇನೆ. ಮೋಡದ ಬೆಳಕಿನಲ್ಲಿ ಫೋನು ತಾನಾಗಿ ನೀಲಿಯನ್ನು ಕಡಿಮೆ ಮಾಡುತ್ತದೆ. ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಇಟ್ಟರೆ ಮೈಲುತುತ್ತಿನ ನೀಲಿ ಇದ್ದ ಹಾಗೇ ಬರುತ್ತದೆ.

ಕ್ಯಾಮೆರಾ ಇದ್ದವರು ಮಳೆಗಾಲದಲ್ಲಿ ಅದನ್ನು ಚರ್ಮದ ಬ್ಯಾಗಿನಲ್ಲೋ ಕಪಾಟಿನಲ್ಲೋ ಮುಚ್ಚಿಡಬಾರದು. ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ಇಷ್ಟು ಸಾಕು. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಹೀರಿ ತುಂಬಿದೆ ಎಂದು ಲೆಕ್ಕ, ಬದಲಾಯಿಸಬೇಕು. ಇನ್ನೂ ಮುಖ್ಯ, ಕ್ಯಾಮೆರಾವನ್ನು ಆಗಾಗ ಹೊರಗೆ ತೆಗೆದು ಬಳಸುತ್ತಾ ಇರುವುದು.

ಅಡಿಕೆ ಸುಲಿಯುವ ಕೆಲಸ ರಾತ್ರಿಗೂ ನಡೆಯುತ್ತದೆ. ಜಗಲಿಯಲ್ಲಿ ಒಂದು ಎಲ್‌ಇಡಿ ಬಲ್ಬು, ಅದರ ಕೆಳಗೆ ಮೆಟ್ಟುಕತ್ತಿ. ಇಲ್ಲಿ ಫ್ಲಾಶ್ ಹಾಕಿದರೆ ಬಲ್ಬಿನ ಬೆಳಕಿನ ಆಪ್ತತೆ ಸತ್ತೇಹೋಗುತ್ತದೆ. ಕೆಲವು ಎಲ್‌ಇಡಿಗಳಲ್ಲಿ ಫೋಟೋದ ಮೇಲೆ ಕಪ್ಪು ಪಟ್ಟೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. 1/50ರಲ್ಲಿ ಕೈ ಸ್ವಲ್ಪ ಅಲುಗಿದ ಹಾಗೆ ಬರುತ್ತದೆ, ಮುಖ ಸ್ಪಷ್ಟ. ಸುಲಿಯುವ ವೇಗ ಗೊತ್ತಾಗುವುದು ಆ ಅಲುಗಾಟದಲ್ಲೇ.

ಜನರ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಲಸಕ್ಕೆ ಬರುವವರು ನಮ್ಮ ಅಂಗಳದಲ್ಲಿ ಇದ್ದಾರೆ ಎಂದು ಅವರ ಫೋಟೋ ನಮ್ಮದಾಗುವುದಿಲ್ಲ. ನಾನು ಕೇಳಿಯೇ ತೆಗೆಯುವುದು. ಸುಲಿಯಲು ಬರುವ ಒಬ್ಬರು ಮೊದಲ ದಿನವೇ ಹೇಳಿದರು, "ಅಕ್ಕಾ, ಮುಖ ಬೇಡ. ಕೈ ಎಷ್ಟು ಬೇಕಾದರೂ ತೆಗೆಯಿರಿ." ಆಮೇಲೆ ಅವರ ಕೈಯನ್ನೇ ತೆಗೆದೆ. ಹೆಬ್ಬೆರಳಿಗೆ ಸುತ್ತಿದ ಬಟ್ಟೆ, ಉಗುರಿನ ಕಪ್ಪು, ಕತ್ತಿಯ ಮೊನೆಗೆ ಅಡಿಕೆ ತಾಗಿಸುವ ಓರೆ. ಪ್ರಿಂಟ್ ಮಾಡಿಸಿ ಕೊಟ್ಟಾಗ, ತಾನು ಎಡಗೈಯಲ್ಲಿ ಅಡಿಕೆ ತಿರುಗಿಸುವ ಕ್ರಮ ಬೇರೆಯವರಿಗಿಂತ ಬೇರೆ ಎಂದು ಅವರೇ ತೋರಿಸಿದರು. ನನಗೆ ಅದು ಗೊತ್ತಿರಲಿಲ್ಲ. ಈಗ ಅದೂ ಫೋಟೋದ ಹಿಂದೆ ಬರೆದಿದೆ.

ಬರೆದಿಡುವುದು ಫೋಟೋ ತೆಗೆದಷ್ಟೇ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ. ಪಟೋರ, ಉಳ್ಳಿ, ಕೋಕ, ಕರಿಗೋಟು ಎಂದು ಅಡಿಕೆ ಹೆಕ್ಕಿ ಬೇರೆ ಮಾಡಿದ ರಾಶಿಗಳ ಫೋಟೋ ನೋಡಿದರೆ ನಮಗೆ ಗೊತ್ತು. ಬೆಂಗಳೂರಿನಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಎಲ್ಲವೂ ಅಡಿಕೆ. ಹಾಗಾಗಿ ಪ್ರತಿ ಫೋಟೋಗೂ ತಿಂಗಳು, ಕೆಲಸದ ಹೆಸರು, ಕೈಯಲ್ಲಿರುವ ಸಾಮಾನಿನ ಹೆಸರು. ತಳೆ (ಕಾಲಿಗೆ ಹಾಕುವ ಹಗ್ಗದ ಬಳೆ) ಹಾಕಿ ಮರ ಏರುವವರು ಕಡಿಮೆಯಾಗಿ, ಕಾರ್ಬನ್ ಫೈಬರಿನ ಉದ್ದ ದೋಟಿ ಕೋಲಿನಲ್ಲಿ ನೆಲದಿಂದಲೇ ಕೊನೆ ಕೊಯ್ಯುವುದು ಜಾಸ್ತಿಯಾಗುತ್ತಿದೆ. ತಳೆಯ ಫೋಟೋಗೆ ಹೆಸರು ಬರೆಯದಿದ್ದರೆ ಅದು ಸುಮ್ನೆ ಒಂದು ಹಗ್ಗದ ತುಂಡು.

ಫೋಟೋಗಳನ್ನು ಮನೆಯವರಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸಾಧಾರಣ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಹೋಗುತ್ತದೆ. ಮೂಲ ಪ್ರತಿಗಳು ನನ್ನ ಹತ್ತಿರ ಎರಡು ಕಡೆ ಇವೆ, ಆರಿಸಿದವು ಪ್ರಿಂಟಾಗಿ ಆಲ್ಬಂನಲ್ಲಿ. 4×6 ಇಂಚಿನ ಒಳ್ಳೆಯ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು, ಯಾವ ಫೋನಿನಲ್ಲೂ ಅಷ್ಟು ಇರುತ್ತದೆ.

ಈ ಸಲ ಮಳೆ ನಿಂತ ಮೇಲೆ ಪಕ್ಕದ ಮನೆಯ ಅಂಗಳವನ್ನೂ ಸೇರಿಸುವವಳಿದ್ದೇನೆ. ಅವರದ್ದು ಇಂಟರ್‌ಲಾಕ್ ಹಾಕಿದ ಅಂಗಳ. ನಮ್ಮದು ಇನ್ನೂ ಸೆಗಣಿ ಸಾರಿಸುವ ಮಣ್ಣಿನ ಅಂಗಳ. ಎರಡರಲ್ಲೂ ಒಂದೇ ದಿನ ಅಡಿಕೆ ಹರಡಿದಾಗ ಬಣ್ಣ ಹೇಗೆ ಕಾಣುತ್ತದೆ, ನೆಲದಿಂದ ಬೆಳಕು ಎಷ್ಟು ಮೇಲೆ ಬರುತ್ತದೆ ಎಂದು ನೋಡಬೇಕು. ಆ ಮನೆಯ ಅಕ್ಕ ಒಪ್ಪಿದ್ದಾರೆ. ಅವರ ಜಗಲಿಯ ಕಂಬಕ್ಕೂ ಪೆನ್ಸಿಲ್ ಗುರುತು ಹಾಕಿ ಆಯಿತು.