ಗೆರೆ ಎಳೆದ ಸಾಲಿನ ಹಿಂದೆ ಬಿದ್ದು

ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವುದು ನನ್ನ ಕೆಲಸ. ಮೊದಲ ಎಂಟು ವರ್ಷ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಿದ್ದೆ. 1962ರ ಅಕ್ಟೋಬರ್. ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿ ಇಟ್ಟಿತು, ಅಮೆರಿಕದ ಅಧ್ಯಕ್ಷ ಕೆನಡಿ ಸಮುದ್ರದಲ್ಲಿ ಹಡಗು ತಡೆದರು, ಸೋವಿಯತ್ ನಾಯಕ ಕ್ರುಶ್ಚೇವ್ ಹೆದರಿ ಹಿಂದೆ ಸರಿದರು. ಗೈಡಿನಲ್ಲೂ ಇಷ್ಟೇ ಇತ್ತು, ಪರೀಕ್ಷೆಗೂ ಇಷ್ಟೇ ಸಾಕಿತ್ತು. ನಮ್ಮ ಹುಡುಗರಿಗೆ ಆ ತಿಂಗಳು ಅಂದರೆ ಚೀನಾ ಯುದ್ಧ. ಚೀನಾ ದಾಳಿ ಶುರುವಾಗಿದ್ದು 20ನೇ ತಾರೀಕು, ಕೆನಡಿ ಟಿವಿಯಲ್ಲಿ ಕ್ಯೂಬಾ ವಿಷಯ ಹೇಳಿದ್ದು 22ಕ್ಕೆ. ಈ ಮಾತು ಬಂದಾಗ ಮಾತ್ರ ಕ್ಲಾಸಿನಲ್ಲಿ ಒಂದಿಷ್ಟು ತಲೆ ಮೇಲೇಳುತ್ತಿದ್ದವು.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಸರ್, ಗೆದ್ದಿದ್ದು ಅಮೆರಿಕ ಆದ್ರೆ, 1963ರ ಏಪ್ರಿಲ್‌ನಲ್ಲಿ ಟರ್ಕಿಯಿಂದ ಅವರ ಕ್ಷಿಪಣಿ ಯಾಕೆ ತೆಗೆದ್ರು?”

“ಹಳೇವಾಗಿದ್ವು ಕಣಮ್ಮಾ” ಅಂದೆ. ಸುಳ್ಳೇನಲ್ಲ. ಟರ್ಕಿಯಲ್ಲಿದ್ದ 15 ಜುಪಿಟರ್ ಕ್ಷಿಪಣಿಗಳು ನಿಜಕ್ಕೂ ಹಳತಾಗಿದ್ದವು. ಆದರೂ ಆ ಉತ್ತರ ನನಗೇ ರುಚಿಸಲಿಲ್ಲ. ಆ ಸಲದ ರಜೆಯಲ್ಲಿ ಮೂಲ ಕಾಗದಗಳನ್ನೇ ಓದೋಣ ಅಂತ ಕೂತೆ.

ಬೇಗ ಗೊತ್ತಾಯಿತು, ಗಂಟು ಇರುವುದು ಒಂದೇ ಭೇಟಿಯಲ್ಲಿ. ಅಕ್ಟೋಬರ್ 27, ಶನಿವಾರ ರಾತ್ರಿ. ಕ್ಯೂಬಾದ ಮೇಲೆ ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಹೊಡೆದುರುಳಿಸಿದ ದಿನ. ಟರ್ಕಿಯ ಕ್ಷಿಪಣಿ ತೆಗೆಯಿರಿ ಎಂದು ಮಾಸ್ಕೋ ರೇಡಿಯೊದಲ್ಲೇ ಕೇಳಿದ ದಿನವೂ ಅದೇ. ಆ ರಾತ್ರಿ ಅಧ್ಯಕ್ಷರ ತಮ್ಮ, ಅಟಾರ್ನಿ ಜನರಲ್ ರಾಬರ್ಟ್ ಕೆನಡಿ, ಸೋವಿಯತ್ ರಾಯಭಾರಿ ಡೊಬ್ರಿನಿನ್‌ರನ್ನು ತಮ್ಮ ಕಚೇರಿಗೆ ಕರೆಸಿಕೊಂಡರು. ಇಬ್ಬರೂ ಆಮೇಲೆ ಬರೆದಿಟ್ಟರು. ನನ್ನ ಕೈಯಲ್ಲಿದ್ದಿದ್ದು ಆ ಬರಹಗಳು.

ಊಟದ ಮೇಜಿನ ಮೇಲೆ ಪ್ರಿಂಟ್‌ಗಳನ್ನು ಹರಡಿದೆ. ಮನೆಯವರು ಎರಡು ದಿನ ನೆಲದ ಮೇಲೆ ಕೂತು ಊಟ ಮಾಡಿದರು! ಪ್ರತಿ ಕಾಗದದ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಮೂರು ಮಾತು ಬರೆದೆ: ಯಾರಿಗೆ ಬರೆದದ್ದು, ಯಾವತ್ತು ಬರೆದದ್ದು, ಜನರ ಕಣ್ಣಿಗೆ ಬಿದ್ದದ್ದು ಯಾವತ್ತು. ಮೂರನೆಯದನ್ನು ನಾನು ಅಲ್ಲಿಯವರೆಗೆ ಯೋಚಿಸಿದ್ದೇ ಇಲ್ಲ. ಎಲ್ಲ ಗೊತ್ತಾಗಿದ್ದು ಅದರಿಂದಲೇ.

ರಾಬರ್ಟ್ ಹೆಸರಿನಲ್ಲಿ ಪುಸ್ತಕ ಬಂದಿದ್ದು 1969ರಲ್ಲಿ, ಅವರು ತೀರಿಕೊಂಡ ಮರುವರ್ಷ. ಅದರಲ್ಲಿ ಟರ್ಕಿ ವಿಷಯದಲ್ಲಿ ಕೊಡು-ಕೊಳ್ಳುವಿಕೆ ಸಾಧ್ಯವೇ ಇಲ್ಲ ಎಂದು ಡೊಬ್ರಿನಿನ್‌ಗೆ ನಾನು ಹೇಳಿದೆ ಅಂತಿದೆ. ಆದರೆ ಸ್ವಲ್ಪ ದಿನದಲ್ಲಿ ಆ ಕ್ಷಿಪಣಿಗಳು ಹೋಗುತ್ತವೆ ಅನ್ನುವ ಮಾತೂ ಇದೆ. ಅರ್ಧ ಬಾಗಿಲು ತೆಗೆದಿಟ್ಟ ಹಾಗೆ. ಇಪ್ಪತ್ತು ವರ್ಷದ ನಂತರ, 1989ರಲ್ಲಿ, ಮಾಸ್ಕೋದ ಒಂದು ಸಮ್ಮೇಳನದಲ್ಲಿ ಪುಸ್ತಕವನ್ನು ತಿದ್ದಿದ್ದ, ಅಧ್ಯಕ್ಷ ಕೆನಡಿಯ ಭಾಷಣ ಬರೆಯುತ್ತಿದ್ದ ಸೊರೆನ್ಸನ್ ಒಪ್ಪಿಕೊಂಡರು: ಟರ್ಕಿ ಒಪ್ಪಂದದ ಭಾಗ ಅಂತ ರಾಬರ್ಟ್ ಡೈರಿಯಲ್ಲಿ ಸ್ಪಷ್ಟವಾಗಿತ್ತು, ಅದನ್ನು ತೆಗೆದಿದ್ದು ತಾವೇ ಎಂದು. ಡೊಬ್ರಿನಿನ್ ಆ ರಾತ್ರಿ ಮಾಸ್ಕೋಗೆ ಕಳಿಸಿದ ತಂತಿ ಹೊರಗೆ ಬಂದಿದ್ದು ಸೋವಿಯತ್ ಒಕ್ಕೂಟ ಒಡೆದ ಮೇಲೆ, 1990ರ ದಶಕದಲ್ಲಿ. ಟರ್ಕಿಯಿಂದ ಕ್ಷಿಪಣಿ ತೆಗೆಯಲು ನಾಲ್ಕೈದು ತಿಂಗಳು ಬೇಕು, ಆದರೆ ಅಧ್ಯಕ್ಷರು ಇದನ್ನು ಬಹಿರಂಗವಾಗಿ ಹೇಳಲಾರರು ಎಂದು ರಾಬರ್ಟ್ ಅಂದರು ಅಂತ ಅದರಲ್ಲಿದೆ.

ಸರಿ, ರಾಯಭಾರಿ ಮೇಲಿನವರಿಗೆ ಬರೆಯುವಾಗ ತನ್ನ ಕೆಲಸವನ್ನು ಸ್ವಲ್ಪ ದೊಡ್ಡದು ಮಾಡಿ ಹೇಳಬಹುದಲ್ವಾ? ನನಗೂ ಆ ಅನುಮಾನವಿತ್ತು.

ಅದು ತಿಳಿಯಾಗಿದ್ದು ಇನ್ನೊಂದು ಕಾಗದದಿಂದ. ಭೇಟಿಯಾದ ಮೂರು ದಿನಕ್ಕೆ, ಅಕ್ಟೋಬರ್ 30ರಂದು, ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್‌ಗೆಂದು ರಾಬರ್ಟ್ ಟೈಪ್ ಮಾಡಿಸಿದ ಟಿಪ್ಪಣಿ ಅದು. ಇಂಥ ಒಪ್ಪಂದ ಆಗುವುದಿಲ್ಲ, ಇದು ಅಮೆರಿಕ ಮತ್ತು ಮಿತ್ರದೇಶಗಳ ಸೇನಾ ಕೂಟ ನೇಟೊದ ತೀರ್ಮಾನ ಎಂದೆಲ್ಲ ಹೇಳಿ, ಕೆಳಗೊಂದು ಸಾಲು. ಸ್ವಲ್ಪ ಸಮಯ ಕಳೆದರೆ ವಿಷಯ ಸರಿಹೋಗುತ್ತದೆ ಎಂದು ಹೇಳಿದೆ, ನಿಮ್ಮ ಸೂಚನೆಯಂತೆ ನಾಲ್ಕೈದು ತಿಂಗಳು ಅಂದೆ, ಅಂತ ಅದರ ಅರ್ಥ. ಆ ಸಾಲನ್ನು ಗೆರೆ ಎಳೆದು ಹೊಡೆದಿದ್ದಾರೆ. ಹೊಡೆದರೂ ಓದಲು ಬರುತ್ತದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. “ನಾಲ್ಕೈದು ತಿಂಗಳು” ಅನ್ನುವ ಮಾತು ಎರಡು ಎದುರಾಳಿ ಕಡೆಯ ಕಾಗದದಲ್ಲೂ ಇದೆ. ಒಬ್ಬರ ಬರಹವನ್ನು ಇನ್ನೊಬ್ಬರು ನೋಡಿಕೊಂಡು ಬರೆದಿರಲು ಸಾಧ್ಯವಿಲ್ಲ. ಒಬ್ಬರು ಉಳಿಸಿಕೊಂಡರು, ಇನ್ನೊಬ್ಬರು ಹೊಡೆದುಹಾಕಿದರು. ಯಾಕೆ ಹೊಡೆದರು ಅನ್ನುವುದಕ್ಕೂ ಸುಳಿವು ಡೊಬ್ರಿನಿನ್ ಅಕ್ಟೋಬರ್ 30ಕ್ಕೆ ಕಳಿಸಿದ ಇನ್ನೊಂದು ತಂತಿಯಲ್ಲಿ ಸಿಕ್ಕಿತು. ಟರ್ಕಿ ಮಾತನ್ನು ಕಾಗದಕ್ಕಿಳಿಸಿ ಕ್ರುಶ್ಚೇವ್ ಕಳಿಸಿದ್ದ ಪತ್ರವನ್ನು ರಾಬರ್ಟ್ ವಾಪಸ್ ಕೊಟ್ಟರಂತೆ. ಇಂಥದ್ದು ಮುಂದೆ ಎಂದಾದರೂ ಹೊರಗೆ ಬಂದರೆ ನನ್ನ ರಾಜಕೀಯಕ್ಕೇ ಪೆಟ್ಟು ಅಂದರಂತೆ.

ಇಷ್ಟು ಸಿಕ್ಕಿದ ಖುಷಿಗೆ ನಾನೊಂದು ತಪ್ಪು ಮಾಡಿದೆ. “ಬಿಕ್ಕಟ್ಟು ಮುಗಿಸಿದ್ದೇ ಈ ಗುಟ್ಟಿನ ಮಾತು” ಅಂತ ಲೇಖನ ಬರೆದು ಪರಿಚಯದ ಪ್ರಾಧ್ಯಾಪಕರೊಬ್ಬರಿಗೆ ತೋರಿಸಿದೆ. ಅವರು ಓದಿ, “ಮಾರಾಯಾ, ವಾಷಿಂಗ್ಟನ್‌ನಲ್ಲಿ 27ರ ರಾತ್ರಿ ಆಗುವಾಗ ಮಾಸ್ಕೋದಲ್ಲಿ ಎಷ್ಟು ಗಂಟೆ?” ಎಂದರು. ಅಲ್ಲಿ ಆಗಲೇ 28 ಹುಟ್ಟಿತ್ತು. ಡೊಬ್ರಿನಿನ್ ಮಾತು ತಲುಪುವ ಮುಂಚೆಯೇ ಕ್ರುಶ್ಚೇವ್ ಕ್ಷಿಪಣಿ ವಾಪಸ್ ತರುವ ಕಡೆ ವಾಲಿದ್ದರು ಎಂದು ರಷ್ಯಾದ ದಾಖಲೆ ನೋಡಿದ ಇತಿಹಾಸಕಾರರೇ ಹೇಳುತ್ತಾರೆ. ಗುಟ್ಟಾಗಿ ಇಟ್ಟಿದ್ದಾರೆ ಅಂದ ಮಾತ್ರಕ್ಕೆ ಅದೇ ಕಾರಣ ಆಗಬೇಕಿಲ್ಲವಲ್ಲ. ನಾನು ಆ ಲೆಕ್ಕದಲ್ಲೇ ಎಡವಿದ್ದೆ. ಲೇಖನ ಇನ್ನೂ ಡ್ರಾಯರ್‌ನಲ್ಲಿದೆ.

ಧ್ವನಿಮುದ್ರಿಕೆ ಇದ್ದರೆ ಸುಲಭ ಅಂದುಕೊಂಡಿದ್ದೆ. ಕೆನಡಿ ಸಭೆಗಳನ್ನು ಟೇಪ್ ಮಾಡಿಸುತ್ತಿದ್ದರು, ಕೂತಿದ್ದ ಬಹುಪಾಲು ಜನರಿಗೆ ಅದು ಗೊತ್ತಿರಲಿಲ್ಲ. ಕೇಳಿ ನೋಡಿದೆ. ಗೊರಗೊರ ಸದ್ದು, ಒಬ್ಬರ ಮೇಲೊಬ್ಬರ ಮಾತು. ಆದರೆ 27ರ ಸಭೆಯಲ್ಲಿ ಅಧ್ಯಕ್ಷರೇ ಕ್ಯೂಬಾದ ಕ್ಷಿಪಣಿಗೆ ಬದಲಾಗಿ ಟರ್ಕಿಯದ್ದನ್ನು ತೆಗೆಯುವ ಪರ ಎಷ್ಟು ಮಾತಾಡಿದ್ದಾರೆ ಅಂತ ಕೇಳಿಸಿತು. ಮಜಾ ಏನಂದರೆ ರಾಬರ್ಟ್‌ಗೆ ಏನು ಹೇಳಿ ಕಳಿಸಬೇಕು ಎಂದು ತೀರ್ಮಾನವಾದ ಸಣ್ಣ ಸಭೆ ಟೇಪ್ ಆಗಲೇ ಇಲ್ಲ!

ಕ್ರುಶ್ಚೇವ್‌ರ ನೆನಪುಗಳನ್ನು ಹುಷಾರಾಗಿ ಓದಿ. ನಿವೃತ್ತಿಯಾದ ಮೇಲೆ ಹೇಳಿ ಬರೆಸಿದ್ದು. ಸೈನ್ಯ ಅಧ್ಯಕ್ಷರನ್ನೇ ಇಳಿಸಿಬಿಡಬಹುದು ಎಂದು ರಾಬರ್ಟ್ ಹೆದರಿದ್ದರು ಅಂತ ಅದರಲ್ಲಿದೆ. ಡೊಬ್ರಿನಿನ್ ತಂತಿಯಲ್ಲಿ ಜನರಲ್‌ಗಳು ಯುದ್ಧಕ್ಕೆ ಕೈ ತುರಿಸಿಕೊಳ್ಳುತ್ತಿದ್ದಾರೆ ಅನ್ನುವಷ್ಟೇ ಇದೆ.

ಈಗ ಕ್ಲಾಸಿನಲ್ಲಿ ಗೆರೆ ಹೊಡೆದ ಆ ಪುಟವನ್ನೇ ಹಂಚುತ್ತೇನೆ. ಮೊದಲ ಹತ್ತು ನಿಮಿಷ ಏನೂ ಹೇಳುವುದಿಲ್ಲ. ಗೆರೆಯ ಕೆಳಗಿರುವುದನ್ನು ಓದಲು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿಯುವವರು ಪ್ರತಿ ವರ್ಷ ನಾಲ್ಕೈದು ಜನ ಇದ್ದೇ ಇರುತ್ತಾರೆ. ಪರೀಕ್ಷೆಯಲ್ಲಿ ಏನು ಬರೆಯಬೇಕು ಸರ್ ಅಂದರೆ, ಗೈಡಿನದ್ದು ಬರೆದು ಕೆಳಗೆ ಟರ್ಕಿಯ ಬಗ್ಗೆ ಎರಡು ಸಾಲು ಸೇರಿಸಿ ಅನ್ನುತ್ತೇನೆ. ಒಂದು ಸಲ ಆ ಎರಡು ಸಾಲಿಗೂ ಕೆಂಪು ಗೆರೆ ಬಿದ್ದಿತ್ತು.