ಹೆಂಗಸರ ಮನೆಯ ಕಥೆ ಬರೆದ ನನ್ನ ಅನುಭವ

ಕಥೆಯ ಮೊದಲ ಸಾಲು ಬರೆಯುವ ಮುಂಚೆ ನಾನು ಒಂದು ಪಟ್ಟಿ ಮಾಡಿಕೊಂಡೆ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆ, ಟ್ರಂಕಿನ ಕೀಲಿ ಯಾರ ಸೊಂಟದಲ್ಲಿದೆ, ಹಾಲು ಮಾರಿದ ದುಡ್ಡು ಯಾರ ಕೈಗೆ ಬರುತ್ತದೆ, ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರು. ಯಾರ ಸ್ವಭಾವ ಹೇಗೆ ಅಂತ ಒಂದಕ್ಷರವೂ ಬರೆದುಕೊಳ್ಳಲಿಲ್ಲ. ಈ ಪಟ್ಟಿ ಸರಿಯಾಗಿದ್ದರೆ ಸ್ವಭಾವ ತಾನಾಗಿಯೇ ಬರುತ್ತದೆ. ಬಂತು ಕೂಡ.

ಬ್ಯಾಡಗಿ ತಾಲೂಕಿನ ಒಂದು ಹಳ್ಳಿ. ಅತ್ತೆ, ಇಬ್ಬರು ಸೊಸೆಯರು, ದೊಡ್ಡ ಸೊಸೆಯ ಮಗಳು. ದೊಡ್ಡ ಮಗ ತೀರಿಹೋಗಿದ್ದಾನೆ, ಸಣ್ಣವನು ಗೋವಾದಲ್ಲಿ ದುಡಿಯುತ್ತಾನೆ. ಎಲ್ಲರಿಗಿಂತ ಹಿರಿಯಳಾದ ಮಗಳನ್ನು ರೋಣದ ಕಡೆ ಕೊಟ್ಟಿದ್ದಾರೆ. ಗಂಡಸರನ್ನು ಬೇಕಂತಲೇ ಹೊರಗಿಟ್ಟೆ. ಪಡಸಾಲೆಯಲ್ಲಿ ಗಂಡಸು ಕೂತಿದ್ದರೆ ಹೆಂಗಸರ ಮಾತಿನ ಧಾಟಿಯೇ ಬದಲಾಗುತ್ತದೆ, ಅಲ್ವಾ?

ಮಾತು ಹಿಡಿಯಲು ನನಗೆ ಸಿಕ್ಕ ಒಳ್ಳೆಯ ಜಾಗ ಮೆಣಸಿನಕಾಯಿ ರಾಶಿ. ಸುಗ್ಗಿಯಲ್ಲಿ ತೊಟ್ಟು ಬಿಡಿಸಲು ಓಣಿಯ ಹೆಂಗಸರೆಲ್ಲ ಸೇರುತ್ತಾರೆ. ಬ್ಯಾಡಗಿ ಕಾಯಿ ಖಾರ ಕಮ್ಮಿ, ಬಣ್ಣ ಜಾಸ್ತಿ. ಆದರೂ ಘಾಟು ಮೂಗಿಗೇರುತ್ತದೆ, ಬೆರಳು ಉರಿಯುತ್ತವೆ. ಕೈಗೆ ಕೆಲಸ ಇದ್ದಾಗ ಯಾರೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಹಾಗಾಗಿ ನಿಜವಾದ ಮಾತು ಹೊರಗೆ ಬರುತ್ತದೆ. ಪುಸ್ತಕ ಹಿಡಿದು ಕೂತರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನೂ ಸುಮ್ನೆ ಒಂದು ಬುಟ್ಟಿ ಮುಂದಿಟ್ಟುಕೊಂಡು ಕೂತೆ.

ಸಿಟ್ಟು ನೇರವಾಗಿ ಬರುವುದಿಲ್ಲ ಅನ್ನೋದನ್ನು ಅಲ್ಲೇ ಕಂಡೆ. ನನ್ನ ಕಥೆಯಲ್ಲಿ ಅತ್ತೆ ಮೊಮ್ಮಗಳಿಗೆ ಹೇಳುತ್ತಾಳೆ: “ನಿಮ್ಮವ್ವಗ ಹೇಳು, ಎಮ್ಮಿ ಒದರಾಕತ್ತೈತಿ.” ಅವ್ವ ಎರಡು ಮಾರು ಆಚೆಯೇ ಕೂತಿದ್ದಾಳೆ. ಅವಳೂ ಮಗಳಿಗೇ ಉತ್ತರ ಕೊಡುತ್ತಾಳೆ: “ಆಗಳೇ ಮೇವು ಹಾಕೇನಿ ಅಂತ ಹೇಳವಾ.” ಆ ಹುಡುಗಿ ಯಾರಿಗೂ ಏನೂ ಹೇಳುವುದಿಲ್ಲ. ಇಬ್ಬರಿಗೂ ಕೇಳಿಸಿದೆ ಅಂತ ಅವಳಿಗೆ ಗೊತ್ತು. ಇಡೀ ಕಥೆಯಲ್ಲಿ ನನಗೆ ತುಂಬಾ ಪ್ರೀತಿಯ ಪಾತ್ರ ಆ ಹುಡುಗಿ.

ಕಾಲ ಯಾವುದು ಅಂತ ಆರಿಸುವುದೇ ಅರ್ಧ ಕೆಲಸ. ನಾನು 2023ರ ಪಂಚಮಿ ಆರಿಸಿದೆ. ಆ ವರ್ಷ ಪಂಚಮಿ ಆಗಸ್ಟ್ 21ಕ್ಕೆ ಬಂತು. ಅದೇ ತಿಂಗಳು 30ಕ್ಕೆ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ. ನಮ್ಮ ಕಡೆ ಅದೆಷ್ಟೋ ಮನೆಗಳಲ್ಲಿ ಅತ್ತೆಯೋ ಸೊಸೆಯೋ ಅನ್ನುವ ಪ್ರಶ್ನೆ ಮೊದಲ ಸಲ ಕಾಗದದ ಮೇಲೆ ಬಂತು. ನನ್ನ ದೊಡ್ಡ ಸೊಸೆ ಕೇಳುವುದು ಇಷ್ಟೇ: “ನನಗ, ಮಗಳಿಗೆ ಬ್ಯಾರೆ ಕಾರ್ಡ್ ಮಾಡಿಸ್ತೇನ್ರೀ ಅತ್ತಿ.” ಗಂಡ ಇಲ್ಲದವಳು, ಆ ದುಡ್ಡು ಅವಳಿಗೆ ಬೇಕೇ ಬೇಕು. ಆದರೆ ಬೇರೆ ಕಾರ್ಡು ಅಂದರೆ ಬೇರೆ ಒಲೆ ಅಂತ ಅತ್ತೆಗೆ ಕೇಳಿಸುತ್ತದೆ. ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ, ಚೀಲ ಟ್ರಂಕಿನಲ್ಲಿ, ಕೀಲಿ ಸೊಂಟದಲ್ಲಿ. ಇವರಲ್ಲಿ ಯಾರನ್ನು ಕೆಟ್ಟವಳು ಅಂತ ಬರೆಯಲಿ? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವ ಗಾದೆ ಈ ಮನೆಗೆ ಸಾಲುವುದಿಲ್ಲ. ಇಲ್ಲಿ ಎಲ್ಲರದೂ ಒಂದೇ ಕಾಲ, ಎಲ್ಲರಿಗೂ ಅಂಜಿಕೆ.

ಆಮೇಲೆ ಅತ್ತೆಯ ಮಗಳು, ರೋಣಕ್ಕೆ ಕೊಟ್ಟವಳು. ಪಂಚಮಿಗೆ ತವರಿಗೆ ಬರುತ್ತಾಳೆ, ಉಂಡಿ ಕಟ್ಟುತ್ತಾಳೆ, ಜೋಕಾಲಿ ಆಡುತ್ತಾಳೆ. ಹಬ್ಬ ಮುಗಿಯುವುದರೊಳಗೆ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು ಅಂತ ತಮ್ಮ ಗೋವಾದಿಂದ ಹೇಳಿ ಕಳಿಸಿದ್ದಾನೆ. ಅವಳ ಮದುವೆಯನ್ನು 1992ಕ್ಕೆ ಇಟ್ಟದ್ದಕ್ಕೆ ಕಾರಣವಿದೆ. ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ಆ ಪಾಲು ಸಿಗಲು 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಈ ಹೆಂಗಸು ಮೂವತ್ತು ವರ್ಷ ಬರೀ ಸೀರೆ ಕುಪ್ಪಸಕ್ಕೆ ಬರುವವಳಾಗಿದ್ದಳು. ಈಗ ಅವಳ ಸಹಿಗೆ ಬೆಲೆ ಬಂದಿದೆ. ವೈನಿಯರು ಹಾಕುವ ತುಪ್ಪದಲ್ಲೂ ಅದು ಕಾಣಬೇಕು ಅನಿಸಿತು. ಸಣ್ಣ ಸೊಸೆ ಅವಳ ಹೋಳಿಗೆ ಮೇಲೆ ಎರಡು ಚಮಚ ಹಾಕುತ್ತಾಳೆ. ದೊಡ್ಡ ಸೊಸೆ ನೋಡುತ್ತಾಳೆ, ಸುಮ್ಮನಿರುತ್ತಾಳೆ. ಕಾನೂನಿನ ಒಂದು ಮಾತೂ ಕಥೆಯೊಳಗೆ ಬರುವುದಿಲ್ಲ. ನನಗೆ ಗೊತ್ತಿದ್ದರೆ ಸಾಕಿತ್ತು.

ಕೊನೆಗೆ ಯಾರೂ ಗೆಲ್ಲಬಾರದು, ಆದರೆ ಏನಾದರೂ ಕೈ ಬದಲಾಗಬೇಕು ಅಂತ ಹಟ ಹಿಡಿದೆ. ಮಗಳು ಸಹಿ ಹಾಕದೆ ಊರಿಗೆ ಹೋಗುತ್ತಾಳೆ, ದೀಪಾವಳಿಗೆ ಬರ್ತೇನಿ ಅಂತ. ಕಾರ್ಡು ಅತ್ತೆಯ ಹೆಸರಲ್ಲೇ ಉಳಿಯುತ್ತದೆ, ಖಾತೆಯೂ ಅವಳದೇ. ಆದರೆ ಅವಳ ಹತ್ತಿರ ಮೊಬೈಲ್ ಇಲ್ಲ. ಬ್ಯಾಂಕಿನಲ್ಲಿ ನಂಬರ್ ಕೇಳಿದಾಗ ಸಣ್ಣ ಸೊಸೆ ತನ್ನದನ್ನು ಹೇಳಲು ಬಾಯಿ ತೆರೆಯುತ್ತಾಳೆ. ಅತ್ತೆ ತಡೆದು ದೊಡ್ಡ ಸೊಸೆಯ ಕಡೆ ತಿರುಗಿ, ಈ ಸಲ ಮೊಮ್ಮಗಳಿಗೆ ಹೇಳದೆ ನೇರ ಅವಳಿಗೇ ಹೇಳುತ್ತಾಳೆ: “ನಿಂದ ಬರಸು.”