ತರಾಲ್ಲಿ: ಮೊದಲು ಕುದಿಸಿ, ಆಮೇಲೆ ಸುಡುವ ಕುರುಕಲು

ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದಲ್ಲಿ ತರಾಲ್ಲಿ ಇಲ್ಲದ ಮನೆ ಸಿಗುವುದು ಕಷ್ಟ. ನೋಡಿದರೆ ಪುಟ್ಟ ಕೋಡುಬಳೆಯೇ, ಆದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಬಾರಿ ನಗರದಲ್ಲಿ ನೆಲೆಸಿದ ಮೇಲೆ ಅಂಗಡಿಯ ಪೊಟ್ಟಣದ್ದನ್ನೇ ತಿನ್ನುತ್ತಿದ್ದೆ. ಕೆಳಗಿನ ಮನೆಯ ಅಜ್ಜಿ ಮಾಡಿದ್ದು ಬಾಯಿಗೆ ಬಿದ್ದ ಮೇಲೆ, ಇದನ್ನು ಕಲಿಯದೆ ಬಿಡಬಾರದು ಅನ್ನಿಸಿತು.

ಅಜ್ಜಿಯದು ಎಲ್ಲ ಕಣ್ಣಳತೆ. ಅವರ ಪಕ್ಕ ತಕ್ಕಡಿ ಇಟ್ಟುಕೊಂಡು ನಾನು ಬರೆದುಕೊಂಡ ಲೆಕ್ಕ ಇದು: ಮೈದಾ 500 ಗ್ರಾಂ, ಆಲಿವ್ ಎಣ್ಣೆ 125 ಮಿ.ಲೀ., ಸಿಹಿಯಿಲ್ಲದ ಬಿಳಿ ವೈನ್ 200 ಮಿ.ಲೀ., ಉಪ್ಪು 10 ಗ್ರಾಂ, ಒಂದು ಚಮಚ ಸೋಂಪು. ಈಸ್ಟ್ ಇಲ್ಲ, ಒಂದು ಹನಿ ನೀರೂ ಇಲ್ಲ. ಆಲಿವ್ ಮತ್ತು ದ್ರಾಕ್ಷಿ ಎರಡನ್ನೂ ಹೇರಳವಾಗಿ ಬೆಳೆಯುವ ನಾಡಿನ ತಿಂಡಿ ಇದು. ವೈನ್ ಬೇಡ ಅನ್ನುವವರು ನೀರಿನಲ್ಲಿ ಕಲಸಬಹುದು, ಗರಿಗರಿ ಬರುತ್ತದೆ. ಆದರೆ ಕೊನೆಯಲ್ಲಿ ನಾಲಿಗೆಗೆ ತಾಗುವ ಆ ಸಣ್ಣ ಹುಳಿ ಮಾತ್ರ ಬರುವುದಿಲ್ಲ.

ಹಿಟ್ಟು ನುಣುಪಾಗುವವರೆಗೆ ಚೆನ್ನಾಗಿ ನಾದಿ, ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡುತ್ತೇನೆ. ಎಣ್ಣೆ ಇಷ್ಟಿರುವುದರಿಂದ ಮಣೆಗೆ ಅಂಟುವುದಿಲ್ಲ. ಆದ್ದರಿಂದ ಹೊಸೆಯುವಾಗ ಒಣ ಹಿಟ್ಟು ಉದುರಿಸಬೇಡಿ, ಉದುರಿಸಿದರೆ ತುದಿಗಳು ಕೂಡಿಕೊಳ್ಳುವುದಿಲ್ಲ. ಕಿರುಬೆರಳ ದಪ್ಪಕ್ಕೆ ಹೊಸೆದು, ಬೆರಳುದ್ದ ಕತ್ತರಿಸಿ, ಉಂಗುರ ಮಾಡಿ, ತುದಿಗಳನ್ನು ಹೆಬ್ಬೆರಳಿನಿಂದ ಒತ್ತಬೇಕು.

ತರಾಲ್ಲಿಯ ಜೀವ ಇರುವುದು ಮುಂದಿನ ಹಂತದಲ್ಲಿ. ದೊಡ್ಡ ಪಾತ್ರೆಯಲ್ಲಿ ಉಪ್ಪು ನೀರು ಕುದಿಯುತ್ತಿರುವಾಗ ಏಳೆಂಟು ಉಂಗುರಗಳನ್ನು ಬಿಟ್ಟರೆ ಮೊದಲು ತಳಕ್ಕೆ ಹೋಗುತ್ತವೆ. ಸ್ವಲ್ಪ ಹೊತ್ತಿನಲ್ಲೇ ಒಂದೊಂದಾಗಿ ಮೇಲೆದ್ದು ತೇಲುತ್ತವೆ. ತೇಲಿದ ತಕ್ಷಣ ಜಾಲರಿ ಸೌಟಿನಿಂದ ಎತ್ತಿ ಹತ್ತಿ ಬಟ್ಟೆಯ ಮೇಲೆ ಹರಡಬೇಕು. "ಗಡಿಯಾರ ನೋಡಬೇಡ, ತರಾಲ್ಲಿ ನೋಡು" ಅನ್ನುತ್ತಿದ್ದರು ಅಜ್ಜಿ. ಬಿಸಿನೀರಿನಲ್ಲಿ ಮೇಲ್ಮೈಯ ಪಿಷ್ಟ ಬೆಂದು ತೆಳ್ಳನೆಯ ಪದರ ಕಟ್ಟುತ್ತದೆ. ಓವನ್ನಿನಲ್ಲಿ ಆ ಪದರವೇ ಹೊಳಪು ಕೊಡುತ್ತದೆ, ಆಕಾರವನ್ನೂ ಹಿಡಿದಿಡುತ್ತದೆ. ಕುದಿಸುವ ರಗಳೆ ಬೇಡವೆಂದು ನೇರವಾಗಿ ಸುಡುವವರಿದ್ದಾರೆ. ಅದು ಒಳ್ಳೆಯ ಬಿಸ್ಕತ್ತಾಗಬಹುದು, ಪುಲಿಯಾದ ತರಾಲ್ಲಿ ಆಗುವುದಿಲ್ಲ.

ಬಟ್ಟೆಯ ಮೇಲೆ ಪೂರ್ತಿ ಆರಲಿ. ನಾನು ಸಂಜೆ ಕುದಿಸಿ, ಬೆಳಿಗ್ಗೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಅರ್ಧ ಗಂಟೆ ಸುಡುತ್ತೇನೆ. ಬಣ್ಣ ನೋಡಿ ಮೋಸ ಹೋಗಬಾರದು, ಒಂದನ್ನು ಮುರಿದು ನೋಡಬೇಕು. 'ಟಕ್' ಅಂತ ಮುರಿದು ಒಳಗೂ ಒಣಗಿದ್ದರೆ ಆಯಿತು. ನಡುವೆ ಮೆತ್ತಗಿದ್ದರೆ ಉರಿ ಇಳಿಸಿ ಇನ್ನೂ ಸ್ವಲ್ಪ ಹೊತ್ತು ಇಡಬೇಕು. ತಣ್ಣಗಾದ ಮೇಲೆ ಡಬ್ಬಿಗೆ ತುಂಬಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಇಲ್ಲಿ ಇದನ್ನು ರಾತ್ರಿಯೂಟಕ್ಕೆ ಮುಂಚೆ ವೈನ್, ಉಪ್ಪಿನಲ್ಲಿಟ್ಟ ಆಲಿವ್, ಕಾಚೊಕವಾಲ್ಲೊ ಚೀಸ್ ಜೊತೆ ಇಡುತ್ತಾರೆ. ಪುಲಿಯಾದ್ದೇ ಆದ ಪ್ರಿಮಿತೀವೊ, ನೆಗ್ರೊಅಮಾರೊ ಕೆಂಪು ವೈನುಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬುರ್ರಾತಾ ಜೊತೆ: ತಣ್ಣನೆಯ ಮೆತ್ತನೆ ಚೀಸನ್ನು ಬಿಡಿಸಿ, ಒಳಗಿನ ಕೆನೆಯನ್ನು ತರಾಲ್ಲಿಯಿಂದಲೇ ತೋಡಿಕೊಂಡು ತಿನ್ನಬೇಕು. ಡಬ್ಬಿಯ ತಳದಲ್ಲಿ ಉಳಿದ ಚೂರುಗಳನ್ನು ಕುಟ್ಟಿ, ಟೊಮೇಟೊ ಹೋಳುಗಳ ಮೇಲೆ ಉದುರಿಸುತ್ತೇನೆ.

ನೇಪಲ್ಸ್‌ನ ತರಾಲ್ಲಿ ಬೇರೆಯೇ ಜಾತಿ. ಈಸ್ಟ್, ಧಾರಾಳ ಕರಿಮೆಣಸು, ಇಡೀ ಬಾದಾಮಿ ಹಾಕಿ, ಎರಡೆಳೆ ಹೆಣೆದು ಮಾಡುತ್ತಾರೆ. ಅಲ್ಲಿನವರಿಗೆ ಅದರ ಜೊತೆ ಬಿಯರ್ ಬೇಕು. ಆದರೆ ಅದರಲ್ಲಿ ಆಲಿವ್ ಎಣ್ಣೆಯ ಬದಲು ಹಂದಿಕೊಬ್ಬು ಇರುತ್ತದೆ. ಸಸ್ಯಾಹಾರಿಗಳು ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿ ಓದಿ, 'ಸ್ತ್ರುತ್ತೊ' ಅಥವಾ 'ಸುನ್ಯಾ' ಎಂದಿದ್ದರೆ ಬಿಟ್ಟುಬಿಡಿ.